ಉಳಿದುಹೋದ ಎರಡು ವಾಷರ್, ಆಗಾಗ ಬರುವ ‘ಕಟ್’ ಶಬ್ದ: ಸೈಕಲ್ ರಿಪೇರಿ ಎಲ್ಲಿಂದ ಕಲಿಯಬೇಕು?

ಪ್ರಶ್ನೆ: ನನಗೆ 36 ವರ್ಷ. ದಿನಾ ಕೆಲಸಕ್ಕೆ ಹೋಗಿಬರಲು ಒಂದು ಹಳೆಯ ಸೈಕಲ್ ತೆಗೆದುಕೊಂಡಿದ್ದೇನೆ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳು ಗೇರು, ರಿಮ್ಮಿಗೆ ಹಿಡಿಯುವ ಬ್ರೇಕು. ಚಿಕ್ಕಪುಟ್ಟ ರಿಪೇರಿ ನಾನೇ ಮಾಡಿಕೊಳ್ಳೋಣ ಅಂತ ವಿಡಿಯೊ ನೋಡಿ ಮುಂದಿನ ಚಕ್ರ ಬಿಚ್ಚಿದೆ. ವಾಪಸ್ ಹಾಕಿದ ಮೇಲೆ ಕೈಯಲ್ಲಿ ಎರಡು ವಾಷರ್ ಉಳಿದವು. ಎರಡಕ್ಕೂ ಅಂಚಿನಲ್ಲಿ ಒಂದೊಂದು ಸಣ್ಣ ಕೊಕ್ಕೆ ಇದೆ. ಸೈಕಲ್ ಚೆನ್ನಾಗಿಯೇ ಓಡುತ್ತಿದೆ. ಆದರೆ ತುಳಿಯುವಾಗ ‘ಕಟ್’ ಅಂತ ಶಬ್ದ ಬರುತ್ತದೆ. ಪ್ರತಿ ಸುತ್ತಿಗೂ ಅಲ್ಲ, ಎರಡು ಮೂರು ಸುತ್ತಿಗೊಮ್ಮೆ. ನಾನು ಸ್ಪ್ಯಾನರ್ ಹಿಡಿದವನೇ ಅಲ್ಲ. ಎಲ್ಲಿಂದ ಶುರು ಮಾಡಲಿ? ಯಾವ ಟೂಲ್ಸ್ ಬೇಕು? ಯಾವುದಕ್ಕೆ ಕೈ ಹಾಕಬಾರದು?

ಉತ್ತರ: ಮೊದಲು ಆ ಎರಡು ವಾಷರ್ ವಿಷಯ. ಉಳಿದದ್ದೆಲ್ಲ ಆಮೇಲೆ.

ಅವು ಜಾಸ್ತಿಯಾಗಿ ಉಳಿದ ವಾಷರ್ ಅಲ್ಲ, ಮುಂದಿನ ಚಕ್ರ ಬೀಳದಂತೆ ಕಾಯುವ ವಾಷರ್. ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲಿನ, ಎರಡೂ ತುದಿ ನೋಡಿ. ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ಕೂರುವ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದು ಸಣ್ಣ ತೂತು ಕಾಣುತ್ತದೆ. ವಾಷರ್ ಫೋರ್ಕಿನ ಹೊರಗಡೆ ಬರಬೇಕು, ಅದರ ಕೊಕ್ಕೆ ಆ ತೂತಿನೊಳಗೆ ಕೂರಬೇಕು, ಅದರ ಮೇಲೆ ನಟ್ಟು. ನಟ್ಟು ಎಂದಾದರೂ ಸಡಿಲವಾದರೂ ಚಕ್ರ ಜಾರಿ ಹೊರಗೆ ಬೀಳದಂತೆ ಈ ಕೊಕ್ಕೆ ಹಿಡಿದುಕೊಂಡಿರುತ್ತದೆ. ಅದಿಲ್ಲದೆಯೂ ಸೈಕಲ್ ಚೆನ್ನಾಗಿಯೇ ಓಡುತ್ತದೆ. ನಟ್ಟು ಸಡಿಲವಾಗುವ ದಿನದವರೆಗೆ. ಇವತ್ತೇ ಹಾಕಿಬಿಡಿ. ಹಾಕುವಾಗ ಸೈಕಲ್ ನೆಲದ ಮೇಲೆ ನೆಟ್ಟಗೆ ನಿಂತಿರಲಿ. ಅದರ ಭಾರಕ್ಕೇ ಆಕ್ಸಲ್ ಫೋರ್ಕಿನ ತುದಿಗೆ ಪೂರ್ತಿ ಕೂರುತ್ತದೆ. ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಚಕ್ರ ಬಿಚ್ಚುವಾಗ ಬ್ರೇಕಿನ ಕೇಬಲ್ ಕಳಚಿದ್ದರೆ ಅದನ್ನೂ ವಾಪಸ್ ಸಿಕ್ಕಿಸಿದ್ದೀರಾ ನೋಡಿ. ಇದನ್ನು ಮರೆಯುವವರು ತುಂಬಾ ಜನ.

ಹೊಸಬರು ಸಾಮಾನ್ಯವಾಗಿ ಬಿಚ್ಚುವುದರಿಂದ ಶುರು ಮಾಡುತ್ತಾರೆ. ನೀವೂ ಹಾಗೇ ಮಾಡಿದಿರಿ, ನಾನೂ ಹಾಗೇ ಮಾಡಿದ್ದೆ. ಆದರೆ ಒಂದು ಭಾಗ ಸರಿಯಿರುವಾಗ ಹೇಗಿರುತ್ತದೆ ಅಂತ ಕೈಗೆ, ಕಿವಿಗೆ ಗೊತ್ತಿಲ್ಲದಿದ್ದರೆ, ಕೆಟ್ಟಿದೆಯೋ ಇಲ್ಲವೋ ಅಂತ ಹೇಳುವುದಾದರೂ ಹೇಗೆ? ಹಾಗಾಗಿ ಆ ವಾಷರ್ ಹಾಕಿದ ಮೇಲೆ ಮೊದಲ ಎರಡು ವಾರ ಸ್ಪ್ಯಾನರ್ ಮುಟ್ಟಬೇಡಿ. ದಿನಕ್ಕೆ ಎರಡು ನಿಮಿಷ ಸೈಕಲ್ ಮುಟ್ಟಿ ನೋಡಿ, ಅಷ್ಟೇ.

ಏನು ನೋಡಬೇಕು? ಟೈರು ಒತ್ತಿ ನೋಡಿ. ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿ, ಚಕ್ರ ಉರುಳಬಾರದು. ಮುಂದಿನ ಬ್ರೇಕ್ ಒಂದನ್ನೇ ಹಿಡಿದು ಹ್ಯಾಂಡಲ್ ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ‘ಟಕ್ ಟಕ್’ ಅಂತ ಕೈಗೆ ತಾಗಿದರೆ ಅಲ್ಲಿನ ಬೇರಿಂಗ್ ಸಡಿಲವಾಗಿದೆ. ಪೆಡಲ್ ಇರುವ ಕ್ರ್ಯಾಂಕನ್ನು ಹಿಡಿದು ಒಳಗೆ ಹೊರಗೆ ಎಳೆದು ನೋಡಿ. ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಎಲ್ಲೂ ಆಡಬಾರದು. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ರಬ್ಬರ್ ಮತ್ತು ರಿಮ್ಮಿನ ನಡುವಿನ ಸಂದು ನೋಡುತ್ತಾ ಇರಿ. ಅದು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗುತ್ತಿದ್ದರೆ ಚಕ್ರ ಬೆಂಡಾಗಿದೆ. ಕೊನೆಗೆ ಇಡೀ ಸೈಕಲ್ಲನ್ನು ನಾಲ್ಕು ಬೆರಳಷ್ಟು ಎತ್ತಿ ಕೈಬಿಡಿ. ನೆಲಕ್ಕೆ ಬಿದ್ದಾಗ ರಬ್ಬರಿನ ‘ಧಬ್’ ಒಂದೇ ಕೇಳಬೇಕು. ಜೊತೆಗೆ ಗಲಗಲ ಅಂದರೆ ಎಲ್ಲೋ ಒಂದು ಬೋಲ್ಟು ಸಡಿಲವಾಗಿದೆ. ಹುಡುಕಿ.

ಹೀಗೆ ಹತ್ತು ದಿನ ಮಾಡಿದರೆ ನಿಮ್ಮ ಸೈಕಲ್ಲಿನ ಸಹಜ ಶಬ್ದ ನಿಮಗೆ ಬಾಯಿಪಾಠ ಆಗುತ್ತದೆ. ಆಮೇಲೆ ಒಂದು ಸಣ್ಣ ಹೊಸ ಶಬ್ದ ಬಂದರೂ ಕಿವಿ ಹಿಡಿಯುತ್ತದೆ.

ಟೂಲ್ಸ್ ವಿಷಯದಲ್ಲಿ ಒಂದೇ ಮಾತು: ಡಬ್ಬಿ ತುಂಬ ಬರುವ ಸೆಟ್ಟು ಬೇಡ. ಅದರಲ್ಲಿ ಅರ್ಧ ನಿಮ್ಮ ಸೈಕಲ್ಲಿಗೆ ಹೊಂದುವುದಿಲ್ಲ, ಇನ್ನರ್ಧ ನಿಮಗೆ ಈಗ ಬೇಕಿಲ್ಲ. ಮೀಟರ್ ಇರುವ, ನೆಲಕ್ಕಿಟ್ಟು ಹೊಡೆಯುವ ಪಂಪು ತೆಗೆದುಕೊಳ್ಳಿ. ಎರಡು ಪ್ಲಾಸ್ಟಿಕ್ ಟೈರ್ ಲಿವರ್, ಒಂದು ಪಂಕ್ಚರ್ ಕಿಟ್ಟು, ಒಂದು ಹೆಚ್ಚುವರಿ ಟ್ಯೂಬು ಇರಲಿ. ಅಲೆನ್ ಕೀ, ಅಂದರೆ ಬೋಲ್ಟಿನ ತಲೆಯ ಆರು ಮೂಲೆಯ ಗುಂಡಿಗೆ ಹಾಕಿ ತಿರುಗಿಸುವ ಕಡ್ಡಿ, ಇವುಗಳಲ್ಲಿ ದಿನಾ ಕೈಗೆ ಬರುವುದು 4, 5, 6 ಮಿ.ಮೀ. ಚಕ್ರದ ನಟ್ಟಿಗೆ ಸಾಮಾನ್ಯವಾಗಿ 15 ಮಿ.ಮೀ. ಸ್ಪ್ಯಾನರ್ ಬೇಕು. ಪೆಡಲ್ಲಿಗೂ 15 ಮಿ.ಮೀ. ಸಾಕು, ಆದರೆ ಕೆಲವು ಪೆಡಲ್ಲಿಗೆ ಸ್ಪ್ಯಾನರ್ ಬಾಯಿ ತೆಳ್ಳಗಿರಬೇಕು. ಒಂದು ಸ್ಟಾರ್ ಸ್ಕ್ರೂಡ್ರೈವರ್, ಚೈನಿಗೆ ಹಾಕುವ ಎಣ್ಣೆ, ಸ್ವಲ್ಪ ಗ್ರೀಸು, ಹಳೆ ಬನಿಯನ್ ಹರಿದ ಬಟ್ಟೆ. ಮೊದಲ ವರ್ಷಕ್ಕೆ ಇಷ್ಟು ಸಾಕು. ದುಡ್ಡು ಹಾಕುವುದಾದರೆ ಪಂಪು ಮತ್ತು ಅಲೆನ್ ಕೀಗೆ ಹಾಕಿ. ಕಳಪೆ ಅಲೆನ್ ಕೀ ಬೋಲ್ಟಿನ ತಲೆಯನ್ನೇ ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಆಮೇಲೆ ಅದನ್ನು ಕೀಳುವುದು ದೊಡ್ಡ ತಲೆನೋವು.

ಈಗ ಗಾಳಿ. ಸೈಕಲ್ ತೊಂದರೆಗಳಲ್ಲಿ ಎಷ್ಟೋ ಗಾಳಿ ಕಡಿಮೆ ಇರುವುದರಿಂದಲೇ ಬರುತ್ತವೆ. ಟ್ಯೂಬಿನ ರಬ್ಬರಿನ ಮೂಲಕ ಗಾಳಿ ತಾನಾಗಿಯೇ ನಿಧಾನಕ್ಕೆ ಹೊರಗೆ ಹೋಗುತ್ತಿರುತ್ತದೆ. ತೂತೇ ಇರಬೇಕು ಅಂತೇನಿಲ್ಲ. ವಾರಕ್ಕೊಮ್ಮೆ ಮೀಟರ್ ಹಚ್ಚಿ ನೋಡಿ. ಎಷ್ಟು ಇರಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಪಿಎಸ್‌ಐ ಅಥವಾ ಬಾರ್ ಲೆಕ್ಕದಲ್ಲಿ. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಕನಿಷ್ಠ, ಗರಿಷ್ಠ ಎರಡೂ ಇದ್ದರೆ ಅವುಗಳ ನಡುವೆ ಇರಿ. ನಿಮ್ಮ ತೂಕ, ಬ್ಯಾಗಿನ ತೂಕ ಜಾಸ್ತಿ ಇದ್ದರೆ ಮೇಲಿನ ಕಡೆಗೆ, ರಸ್ತೆ ಒರಟಾಗಿದ್ದರೆ ಕೆಳಗಿನ ಕಡೆಗೆ. ಹೆಬ್ಬೆರಳಲ್ಲಿ ಒತ್ತಿ ಅಂದಾಜು ಮಾಡುವುದು ಅಗಲ ಟೈರಿಗೆ ಹೇಗೋ ನಡೆಯುತ್ತದೆ, ಸಣ್ಣ ಟೈರಿಗೆ ನಡೆಯುವುದಿಲ್ಲ. ಅರ್ಧ ಗಾಳಿ ಇದ್ದರೂ ಗಟ್ಟಿಯಾಗಿಯೇ ಇದೆ ಅನ್ನಿಸುತ್ತದೆ.

ಅದೇ ಪಕ್ಕದಲ್ಲಿ 40-559, 37-590, 40-622 ಅನ್ನುವಂಥ ಒಂದು ಸಂಖ್ಯೆಯೂ ಇರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಟೈರು ಕೊಳ್ಳುವಾಗ ‘26 ಇಂಚು’ ಅಂದರೆ ಸಾಲದು. 559 ಕೂಡ 26 ಇಂಚೇ, 590 ಕೂಡ 26 ಇಂಚೇ. ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದೇ ಇಲ್ಲ.

ಇನ್ನು ಪಂಕ್ಚರ್. ಇದನ್ನು ಚೆನ್ನಾಗಿ ಕಲಿತರೆ ಅರ್ಧ ಸೈಕಲ್ ಕಲಿತಂತೆ. ಆದರೆ ಪಂಕ್ಚರ್ ಆಗುವವರೆಗೆ ಕಾಯಬೇಡಿ. ರಜೆಯ ದಿನ, ಚೆನ್ನಾಗಿರುವ ಟೈರನ್ನೇ ಬಿಚ್ಚಿ ವಾಪಸ್ ಹಾಕಿ ಅಭ್ಯಾಸ ಮಾಡಿ. ಮಳೆಯಲ್ಲಿ, ಕತ್ತಲಲ್ಲಿ, ಹೊತ್ತಾಗಿರುವಾಗ ಮೊದಲ ಸಲ ಟೈರು ಬಿಚ್ಚುವ ಸಂಕಟ ಯಾರಿಗೂ ಬೇಡ.

ಗಾಳಿ ಪೂರ್ತಿ ಬಿಡಿ. ಟೈರಿನ ಅಂಚನ್ನು ಎರಡೂ ಕಡೆಯಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ತಳ್ಳುತ್ತಾ ಒಂದು ಸುತ್ತು ಬನ್ನಿ. ರಿಮ್ಮಿನ ನಡುಭಾಗ ತಗ್ಗಾಗಿರುತ್ತದೆ. ಅಂಚು ಅಲ್ಲಿಗೆ ಇಳಿದಷ್ಟೂ ಟೈರು ಸಡಿಲ ಸಿಗುತ್ತದೆ. ಟೈರು ಬಿಚ್ಚುವುದಕ್ಕೆ, ಹಾಕುವುದಕ್ಕೆ ಬೇಕಾದ ಉಪಾಯ ಇದೊಂದೇ. ಇದು ಗೊತ್ತಿಲ್ಲದವರು ಸ್ಕ್ರೂಡ್ರೈವರ್ ಹಾಕಿ ಮೀಟಿ ಟ್ಯೂಬಿಗೆ ಇನ್ನೊಂದು ತೂತು ಮಾಡುತ್ತಾರೆ. ಒಂದು ಲಿವರ್ ತೂರಿಸಿ, ಅಂಚು ಎತ್ತಿ, ಅದರ ಬಾಲವನ್ನು ಚಕ್ರದ ಕಡ್ಡಿಗೆ ಸಿಕ್ಕಿಸಿ. ನಾಲ್ಕು ಬೆರಳು ದೂರದಲ್ಲಿ ಇನ್ನೊಂದು ಹಾಕಿ, ಅದನ್ನು ಸುತ್ತಲೂ ಎಳೆಯಿರಿ. ಒಂದು ಕಡೆಯ ಅಂಚು ಹೊರಬಂದರೆ ಸಾಕು. ಟ್ಯೂಬನ್ನು ಹೊರಗೆಳೆಯಿರಿ, ಟೈರು ರಿಮ್ಮಿನ ಮೇಲೇ ಇರಲಿ. ಟ್ಯೂಬಿನ ಯಾವ ಮಗ್ಗುಲು ಯಾವ ಕಡೆಗಿತ್ತು ಅಂತ ನೆನಪಿಡಿ. ಇದು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಟ್ಯೂಬಿಗೆ ದಪ್ಪ ಆಗುವಷ್ಟು ಗಾಳಿ ಹೊಡೆದು ಕೆನ್ನೆಯ ಹತ್ತಿರ ಹಿಡಿದು ನಿಧಾನಕ್ಕೆ ಸರಿಸಿ. ಕಿವಿಗೆ ಕೇಳದ ಗಾಳಿ ಕೆನ್ನೆಗೆ ತಣ್ಣಗೆ ತಾಗುತ್ತದೆ. ಆಗಲೂ ಸಿಗದಿದ್ದರೆ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಸಿಕ್ಕ ತೂತಿನ ಮೇಲೆ ಪೆನ್ನಿನಲ್ಲಿ ದೊಡ್ಡ ಅಡ್ಡಗೆರೆ, ಉದ್ದಗೆರೆ ಎಳೆಯಿರಿ. ಉಜ್ಜುವಾಗ ನಡುವಿನ ಗುರುತು ಅಳಿದರೂ ಗೆರೆಗಳ ತುದಿ ಉಳಿಯುತ್ತದೆ.

ಈಗ ಪ್ಯಾಚಿಗೆ ಕೈ ಹಾಕುವ ಮೊದಲು ತೂತು ಯಾಕಾಯಿತು ಅಂತ ನೋಡಿ. ಟ್ಯೂಬನ್ನು ಟೈರಿನ ಪಕ್ಕದಲ್ಲಿ, ವಾಲ್ವ್ ಇದ್ದ ಜಾಗಕ್ಕೆ ವಾಲ್ವ್ ಬರುವಂತೆ ಹಿಡಿಯಿರಿ. ತೂತಿನ ನೇರಕ್ಕೆ ಟೈರಿನಲ್ಲಿ ಏನೋ ಇರುತ್ತದೆ. ಒಳಗಿನಿಂದ ಬೆರಳ ತುದಿ ಆಡಿಸಿ, ಆದರೆ ನಿಧಾನಕ್ಕೆ, ಗಾಜಿನ ಚೂರು ಇದ್ದರೆ ಬೆರಳು ಕೊಯ್ಯುತ್ತದೆ. ಭಯ ಇದ್ದರೆ ಹತ್ತಿಯ ಉಂಡೆ ಆಡಿಸಿ, ಮುಳ್ಳಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಒಂದೇ ವಾರದಲ್ಲಿ ನನ್ನ ಹಿಂದಿನ ಟೈರು ಮೂರು ಸಲ ಪಂಕ್ಚರ್ ಆಯಿತು, ಮೂರು ಸಲವೂ ಅದೇ ಜಾಗದಲ್ಲಿ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಒಳಗೆ ಬೆರಳಿಗೂ ಏನೂ ತಾಗುತ್ತಿರಲಿಲ್ಲ. ಕೊನೆಗೆ ಆ ಜಾಗವನ್ನು ಹೊರಮುಖವಾಗಿ ಮಡಿಸಿ ಬೆಳಕಿಗೆ ಹಿಡಿದಾಗ ರೆಪ್ಪೆಗೂದಲಿನಷ್ಟು ಸಣ್ಣ ತಂತಿಯ ತುಂಡು ಮಿಂಚಿತು. ಟೈರು ಸುಮ್ನೆ ಇರುವಾಗ ಅದು ರಬ್ಬರಿನೊಳಗೆ ಅಡಗಿರುತ್ತಿತ್ತು. ನನ್ನ ಭಾರ ಬಿದ್ದಾಗ ಮಾತ್ರ ಮೂತಿ ಹೊರಗೆ ಹಾಕುತ್ತಿತ್ತು. ಇಕ್ಕುಳದಲ್ಲಿ ಕಿತ್ತು ತೆಗೆದ ಮೇಲೆ ಆ ಕಾಟ ನಿಂತಿತು.

ತೂತಿನ ಆಕಾರವೂ ಕಾರಣ ಹೇಳುತ್ತದೆ. ಅಕ್ಕಪಕ್ಕದಲ್ಲಿ ಎರಡು ಸೀಳು ಇದ್ದರೆ, ಹಾವು ಕಚ್ಚಿದ ಗುರುತಿನ ಹಾಗೆ, ಗಾಳಿ ಕಡಿಮೆ ಇದ್ದಾಗ ಗುಂಡಿಗೆ ಬಿದ್ದಿದ್ದೀರಿ. ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಕತ್ತರಿಸಿದೆ. ತೂತು ಒಳಗಡೆ, ಅಂದರೆ ರಿಮ್ಮಿನ ಕಡೆ ಇದ್ದರೆ ಕಡ್ಡಿಗಳ ತುದಿ ಮುಚ್ಚುವ ಪಟ್ಟಿ ಸರಿದಿದೆ ಅಥವಾ ಹರಿದಿದೆ. ವಾಲ್ವ್ ಬುಡದಲ್ಲೇ ಹರಿದಿದ್ದರೆ ಪ್ಯಾಚು ನಿಲ್ಲುವುದಿಲ್ಲ, ಹೊಸ ಟ್ಯೂಬೇ ಬೇಕು.

ಪ್ಯಾಚು ಹಾಕುವಾಗ ಬೇಕಾದ್ದು ತಾಳ್ಮೆ. ಮರಳು ಕಾಗದದಲ್ಲಿ ಪ್ಯಾಚಿಗಿಂತ ದೊಡ್ಡ ಜಾಗವನ್ನು ಮಿನುಗು ಹೋಗುವವರೆಗೆ ಉಜ್ಜಿ. ಟ್ಯೂಬಿನ ಮೇಲೆ ಅಚ್ಚಿನ ಗೆರೆ ಇದ್ದರೆ ಅದೂ ಸಮ ಆಗಬೇಕು, ಇಲ್ಲದಿದ್ದರೆ ಆ ಗೆರೆಯ ಸಂದಿನಿಂದಲೇ ಗಾಳಿ ಸೋರುತ್ತದೆ. ಸಲ್ಯೂಷನ್ ತೆಳ್ಳಗೆ ಹಚ್ಚಿ. ಆಮೇಲೆ ಕಾಯಿರಿ. ಹಸಿ ಇರುವಾಗಲೇ ಪ್ಯಾಚು ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಅದು ಕಾಗದಕ್ಕೆ ಹಚ್ಚುವ ಗೋಂದಿನ ಹಾಗಲ್ಲ. ಅದರೊಳಗಿನ ದ್ರಾವಕ ಪೂರ್ತಿ ಆರಬೇಕು, ಆಮೇಲೆ ರಬ್ಬರಿಗೆ ರಬ್ಬರು ಕಚ್ಚಿಕೊಳ್ಳುತ್ತದೆ. ಸುಮಾರು ಐದು ನಿಮಿಷ ಬೇಕು. ಹೊಳಪು ಹೋಗಿ ಮಂಕಾಗಿ ಕಾಣಬೇಕು. ಬಾಯಲ್ಲಿ ಊದಬೇಡಿ, ಉಸಿರಿನ ತೇವ ಕೂರುತ್ತದೆ. ಆಮೇಲೆ ಪ್ಯಾಚು ಇಟ್ಟು ನಡುವಿನಿಂದ ಅಂಚಿನ ಕಡೆ ಬಲವಾಗಿ ತಿಕ್ಕಿ. ಮೇಲಿನ ತೆಳು ಪ್ಲಾಸ್ಟಿಕ್ಕು ಬರದಿದ್ದರೆ ಹಾಗೇ ಇರಲಿ ಬಿಡಿ, ಅದನ್ನು ಕೀಳಲು ಹೋಗಿ ಪ್ಯಾಚೇ ಎದ್ದುಬರುವುದುಂಟು.

ವಾಪಸ್ ಹಾಕುವಾಗ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಇರಲಿ. ಆಗ ಅದು ಮಡಚಿಕೊಳ್ಳುವುದಿಲ್ಲ. ವಾಲ್ವಿನ ಎದುರು ಬದಿಯಿಂದ ಟೈರು ಕೂರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಬಿಗಿ ಬರುತ್ತದೆ. ಆಗ ಎದುರು ಬದಿಯ ಅಂಚನ್ನು ಮತ್ತೆ ನಡುವಿನ ತಗ್ಗಿಗೆ ತಳ್ಳಿ ಬಂದು, ಹೆಬ್ಬೆರಳಲ್ಲೇ ಒತ್ತಿ. ಲಿವರ್ ಬೇಡ. ಗಾಳಿ ಹೊಡೆಯುವ ಮೊದಲು ವಾಲ್ವನ್ನು ಒಮ್ಮೆ ಒಳಗೆ ತಳ್ಳಿ ಬಿಡಿ. ಎರಡೂ ಕಡೆ ಸುತ್ತಲೂ ನೋಡಿ, ಟ್ಯೂಬು ಎಲ್ಲೂ ಇಣುಕಬಾರದು. ಇಣುಕಿದ್ದರೆ ಗಾಳಿ ತುಂಬಿದಾಗ ಪಟಾಕಿ ಹೊಡೆದ ಹಾಗೆ ಸಿಡಿಯುತ್ತದೆ.

ಎರಡನೆಯ ದೊಡ್ಡ ವಿಷಯ ಚೈನು. ಈಗಿನ ಸೈಕಲ್ ಚೈನಿನ ಮೂಲ ರೂಪಕ್ಕೆ ಹ್ಯಾನ್ಸ್ ರೆನಾಲ್ಡ್ ಅನ್ನುವವರು 1880ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಪ್ರತಿ ಕೊಂಡಿಯಲ್ಲಿ ಒಂದು ಪಿನ್ನು, ಅದರ ಮೇಲೆ ತಿರುಗುವ ಒಂದು ಸಣ್ಣ ಉರುಳೆ. ಎಣ್ಣೆ ಬೇಕಾದ್ದು ಆ ಪಿನ್ನಿಗೂ ಉರುಳೆಗೂ ನಡುವಿನ ಜಾಗಕ್ಕೆ. ಹೊರಗಿನ ತಟ್ಟೆಗಳು ಎಣ್ಣೆಯಲ್ಲಿ ಮಿಂದರೆ ಧೂಳು ಅಂಟುತ್ತದೆ, ಇನ್ನೇನೂ ಲಾಭ ಇಲ್ಲ. ಆ ಧೂಳು ಎಣ್ಣೆಯ ಜೊತೆ ಸೇರಿ ಕಪ್ಪು ಅರಗಿನ ಹಾಗಾಗಿ ಪಿನ್ನನ್ನು ತೇಯುತ್ತದೆ.

ಮಾಡುವುದು ಹೀಗೆ. ಒಣ ಬಟ್ಟೆಯಲ್ಲಿ ಚೈನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆಗೆ ಕಪ್ಪು ಬರುವುದು ಕಡಿಮೆಯಾಗುವವರೆಗೆ. ಆಮೇಲೆ ಕೆಳಗಿನ ಚೈನಿನ ಒಳಮೈ ಮೇಲೆ, ಒಂದೊಂದು ಉರುಳೆಗೂ ಒಂದೊಂದು ಹನಿ. ಆತುರ ಬೇಡ, ನೂರು ಚಿಲ್ಲರೆ ಹನಿ ಆಗುತ್ತದೆ. ಪೆಡಲನ್ನು ಒಂದು ನಿಮಿಷ ತಿರುಗಿಸಿ, ಎಣ್ಣೆ ಒಳಗೆ ಇಳಿಯಲಿ. ಸ್ವಲ್ಪ ಹೊತ್ತು ಬಿಟ್ಟು, ಹೊರಗಿನದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಈ ಕೊನೆಯ ಒರೆಸುವಿಕೆಯನ್ನೇ ಜನ ಬಿಟ್ಟುಬಿಡುತ್ತಾರೆ. ಚೈನು ಮುಟ್ಟಿದರೆ ಬೆರಳಿಗೆ ಸ್ವಲ್ಪವೇ ಜಿಡ್ಡು ಹತ್ತಬೇಕು, ತೊಟ್ಟಿಕ್ಕಬಾರದು.

ಡಬ್ಲ್ಯೂಡಿ-40 ಸ್ಪ್ರೇ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. 1953ರಲ್ಲಿ ಅದನ್ನು ತಯಾರಿಸಿದ್ದೇ ನೀರನ್ನು ಓಡಿಸಲು, ತುಕ್ಕು ತಡೆಯಲು. ಹೆಸರಿನಲ್ಲಿರುವ ಡಬ್ಲ್ಯೂ ಅಂದರೆ ವಾಟರ್, 40 ಅಂದರೆ ನಲವತ್ತನೆಯ ಪ್ರಯೋಗ. ಆ ನೀಲಿ ಹಳದಿ ಡಬ್ಬಿಯ ಮಾಮೂಲಿ ಸ್ಪ್ರೇ ತುಂಬಾ ತೆಳು. ಚೈನಿನೊಳಗಿದ್ದ ಹಳೆ ಎಣ್ಣೆಯನ್ನೂ ಕರಗಿಸಿ ಹೊರಗೆ ತರುತ್ತದೆ, ತಾನೂ ಬೇಗ ಹಾರಿಹೋಗುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಾಕಿ, ಕೊಳೆ ತೆಗೆಯಲು ಹಾಕಿ. ಆದರೆ ಅದೇ ಚೈನಿನ ಎಣ್ಣೆ ಅಂದುಕೊಂಡು ಬಿಡಬೇಡಿ.

ಚೈನು ಸವೆದಿದೆಯಾ ಅಂತ ನೋಡಲು ಇಂಚು ಗುರುತಿನ ಸ್ಟೀಲ್ ಸ್ಕೇಲು ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಚೈನು ಬಿಗಿಯಾಗಿರಲಿ. ಒಂದೊಂದು ಕೊಂಡಿ ಅರ್ಧ ಇಂಚು, ಹಾಗಾಗಿ 24ನೆಯ ಪಿನ್ನು ಸರಿಯಾಗಿ 12 ಇಂಚಿನ ಗೆರೆಯ ಮೇಲೆ ಬರಬೇಕು. ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಚೈನು ಬದಲಾಯಿಸುವ ಹೊತ್ತಾಯಿತು. ಎಂಟನೇ ಒಂದು ಭಾಗ, ಮೂರು ಮಿಲಿಮೀಟರ್ ದಾಟಿದ್ದರೆ ಹಿಂದಿನ ಹಲ್ಲುಚಕ್ರಗಳೂ ಬಹುಶಃ ಹೋಗಿವೆ. ‘ಚೈನು ಎಳೆದುಕೊಂಡಿದೆ’ ಅಂತ ಹೇಳುವುದು ವಾಡಿಕೆ. ನಿಜವಾಗಿ ಉಕ್ಕು ಎಳೆದುಕೊಂಡಿಲ್ಲ. ಪ್ರತಿ ಪಿನ್ನೂ ಕೂದಲೆಳೆಯಷ್ಟು ಸವೆದು, ಎಲ್ಲಾ ಸೇರಿ ಉದ್ದವಾಗಿದೆ. ಹೀಗೆ ಉದ್ದವಾದ ಚೈನು ಹಲ್ಲುಗಳನ್ನೂ ತನ್ನ ಅಳತೆಗೆ ತೇಯುತ್ತದೆ. ಆಮೇಲೆ ಹೊಸ ಚೈನು ಹಾಕಿದರೆ ಆ ಸವೆದ ಹಲ್ಲಿನ ಮೇಲೆ ನಿಲ್ಲದೆ ಜಾರುತ್ತದೆ. ಚೈನನ್ನು ಸಮಯಕ್ಕೆ ಬದಲಾಯಿಸಿದರೆ ಹಲ್ಲುಚಕ್ರ ಉಳಿಯುತ್ತದೆ.

ಬ್ರೇಕಿನಲ್ಲಿ ನೀವು ಮಾಡಬೇಕಾದ್ದು ಕಡಿಮೆ, ನೋಡಬೇಕಾದ್ದು ಜಾಸ್ತಿ. ರಬ್ಬರಿನಲ್ಲಿರುವ ಗೀರುಗಳು ಮಾಯವಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಬ್ರೇಕ್ ಹಿಡಿದಾಗ ರಬ್ಬರು ಪೂರ್ತಿ ರಿಮ್ಮಿನ ಮೇಲೇ ಕೂರಬೇಕು. ಮೇಲೆ ಹೋಗಿ ಟೈರಿಗೆ ತಾಗಿದರೆ ಟೈರಿನ ಪಕ್ಕ ಕೊಯ್ದುಹಾಕುತ್ತದೆ. ಕೆಳಗೆ ಜಾರಿದರೆ ಕಡ್ಡಿಯೊಳಗೆ ಸಿಕ್ಕಿಕೊಳ್ಳುತ್ತದೆ. ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬರುತ್ತಿದ್ದರೆ ಲಿವರ್ ಹತ್ತಿರ ಕೇಬಲ್ ಹೊರಡುವ ಕಡೆ ಇರುವ ತಿರುಪನ್ನು ಹೊರಗೆ ಬರುವಂತೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಕೇಬಲ್ ಬಿಗಿಯಾಗುತ್ತದೆ. ಆಮೇಲೆ ಅದರ ಲಾಕ್ ರಿಂಗ್ ಬಿಗಿ ಮಾಡಿ. ಕೇಬಲ್ಲಿನ ಒಂದು ಎಳೆ ತುಂಡಾಗಿ ಎದ್ದಿದ್ದರೂ ಇಡೀ ಕೇಬಲ್ ಬದಲಾಯಿಸಿ, ಇದರಲ್ಲಿ ಜುಗ್ಗತನ ಬೇಡ. ಕಿರ್ ಅಂತ ಕಿರುಚಿದರೆ ರಬ್ಬರಿನ ಮುಂದಿನ ತುದಿ ಹಿಂದಿನದಕ್ಕಿಂತ ಒಂದು ಮಿಲಿಮೀಟರಿನಷ್ಟು ಮೊದಲು ತಾಗುವಂತೆ ಇಡಿ, ಹೆಚ್ಚಿನ ಸಲ ಬಾಯಿ ಮುಚ್ಚುತ್ತದೆ.

ಎಣ್ಣೆ ಮಾತ್ರ ಬ್ರೇಕಿನ ಹತ್ತಿರ ಸುಳಿಯಬಾರದು. ಒಮ್ಮೆ ನಾನು ಡಿಸ್ಕ್ ಬ್ರೇಕಿನ ಸೈಕಲ್ಲಿನ ಚೈನಿಗೆ ಸ್ಪ್ರೇ ಎಣ್ಣೆ ಹೊಡೆದೆ. ಮಂಜಿನಂಥ ಹನಿ ಹಾರಿ ಹಿಂದಿನ ಡಿಸ್ಕಿನ ಮೇಲೂ ಕೂತದ್ದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಇಳಿಜಾರಿನಲ್ಲಿ. ಡಿಸ್ಕನ್ನು ಒರೆಸಿ ಸರಿಮಾಡಬಹುದಿತ್ತು, ಪ್ಯಾಡು ಎಣ್ಣೆ ಕುಡಿದಿತ್ತು, ಬಿಸಾಕಬೇಕಾಯಿತು. ಅಂದಿನಿಂದ ಹನಿ ಹಾಕುವ ಬಾಟಲಿ ಬಿಟ್ಟು ಬೇರೆ ಮುಟ್ಟಿಲ್ಲ.

ಬಿಗಿ ಮಾಡುವುದು ಎಷ್ಟು ಅನ್ನುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಆದರೆ ಒಂದು ಅಂದಾಜು ಕೊಡುತ್ತೇನೆ. ಹ್ಯಾಂಡಲ್ ಹಿಡಿಯುವ ಸಣ್ಣ ಬೋಲ್ಟುಗಳ ಪಕ್ಕದಲ್ಲಿ ಎಷ್ಟೋ ಸಲ ‘5 ಎನ್‌ಎಂ’ ಅಂತ ಬರೆದಿರುತ್ತದೆ. ಎನ್‌ಎಂ ಅಂದರೆ ನ್ಯೂಟನ್ ಮೀಟರ್, ತಿರುಗಿಸುವ ಬಲದ ಅಳತೆ. ಅಲೆನ್ ಕೀಯನ್ನು ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ ಹಿಡಿದರೆ, ಐದು ಕಿಲೋ ತೂಕ ಎತ್ತುವಷ್ಟು ಬಲ. ಅಷ್ಟೇ. ಪೆಡಲ್ಲಿಗೆ ಸುಮಾರು 35 ಎನ್‌ಎಂ ಬೇಕು. 20 ಸೆಂ.ಮೀ. ಸ್ಪ್ಯಾನರ್ ಆದರೆ ಹದಿನೆಂಟು ಕಿಲೋ ಎತ್ತುವ ಬಲ. ಹೊಸಬರು ಸಣ್ಣ ಬೋಲ್ಟಿಗೆ ಜಾಸ್ತಿ ಬಲ ಹಾಕಿ ಥ್ರೆಡ್, ಅಂದರೆ ತಿರುಪಿನ ಸುರುಳಿ ಗೆರೆ, ಕೀಳುತ್ತಾರೆ, ಚಕ್ರದ ನಟ್ಟಿಗೆ ಹೆದರಿ ಕಡಿಮೆ ಹಾಕುತ್ತಾರೆ. ಉಲ್ಟಾ ಮಾಡಬೇಕು.

ಥ್ರೆಡ್ ಅಂದಾಗ ನನ್ನದೇ ಕಥೆ ನೆನಪಾಗುತ್ತದೆ. ಕಲಿಯುವ ದಿನಗಳಲ್ಲಿ ಎಡಗಡೆಯ ಪೆಡಲ್ ಬಿಚ್ಚಲು ಹೋಗಿ ಅರ್ಧ ಗಂಟೆ ಒದ್ದಾಡಿದೆ. ಬರಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ತೂರಿಸಿ ಮೈಭಾರ ಹಾಕಿದೆ. ‘ಕರಕ್’ ಅಂತು. ಬಿಚ್ಚಿತು ಅಂತ ಖುಷಿಪಟ್ಟೆ. ನೋಡಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ಡೆಲ್ಲ ಸುರುಳಿ ಸುರುಳಿಯಾಗಿ ಹೊರಗೆ ಬಂದಿತ್ತು. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಅಷ್ಟು ಹೊತ್ತೂ ನಾನು ಬಿಗಿಯೇ ಮಾಡುತ್ತಿದ್ದೆ. ತುಳಿಯುವಾಗ ಪೆಡಲ್ ತಾನಾಗಿ ಬಿಚ್ಚಿಕೊಳ್ಳಬಾರದು ಅಂತಲೇ ಎಡಕ್ಕೆ ಉಲ್ಟಾ ಥ್ರೆಡ್ ಕೊಟ್ಟಿರುತ್ತಾರೆ. ನೆನಪಿಡಲು ಸುಲಭದ ದಾರಿ ಇದೆ. ಸ್ಪ್ಯಾನರ್ ಮೇಲ್ಮುಖವಾಗಿ ನಿಂತಿರಲಿ. ಅದರ ತುದಿಯನ್ನು ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ, ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿ. ಎರಡೂ ಪೆಡಲ್ಲಿಗೆ ಇದೇ ಲೆಕ್ಕ. ಹಾಕುವಾಗ ಥ್ರೆಡ್ಡಿಗೆ ಗ್ರೀಸು ಸವರಿ, ಮೊದಲ ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಅಡ್ಡ ಕೂತಿದೆ, ತೆಗೆದು ಮತ್ತೆ ಹಾಕಿ.

ಗೇರಿನ ವಿಷಯದಲ್ಲಿ ಸದ್ಯಕ್ಕೆ ಒಂದೇ ತಿರುಪು ನಿಮ್ಮದು: ಕೇಬಲ್ ಡಿರೇಲರಿಗೆ ಅಥವಾ ಗೇರ್ ಲಿವರಿಗೆ ಸೇರುವ ಕಡೆ ಕೈಯಲ್ಲಿ ತಿರುಗುವಂಥದ್ದು. ಡಿರೇಲರ್ ಅಂದರೆ ಹಿಂದಿನ ಚಕ್ರದ ಪಕ್ಕ ತೂಗುತ್ತಾ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಚೈನು ದೊಡ್ಡ ಹಲ್ಲುಚಕ್ರಕ್ಕೆ ಏರಲು ಹಿಂದೆಮುಂದೆ ನೋಡಿದರೆ ಗಡಿಯಾರದ ವಿರುದ್ಧ ಕಾಲು ಸುತ್ತು. ಚಿಕ್ಕದಕ್ಕೆ ಇಳಿಯಲು ತಡ ಮಾಡಿದರೆ ಗಡಿಯಾರದ ದಿಕ್ಕಿಗೆ ಕಾಲು ಸುತ್ತು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಆಮೇಲೆ ತುಳಿದು ನೋಡಿ. ಡಿರೇಲರಿನ ಮೇಲೆ ಎಚ್, ಎಲ್ ಅಂತ ಬರೆದ ಎರಡು ಸ್ಕ್ರೂ ಇರುತ್ತವೆ. ಅವನ್ನು ಈ ವರ್ಷ ಮುಟ್ಟಬೇಡಿ. ಚೈನು ಎಲ್ಲಿಯವರೆಗೆ ಹೋಗಬಹುದು ಅನ್ನುವ ಗಡಿ ಅವು. ಎಲ್ ಸಡಿಲವಾದರೆ ಚೈನು ದೊಡ್ಡ ಹಲ್ಲುಚಕ್ರ ದಾಟಿ ಕಡ್ಡಿಗಳೊಳಗೆ ಬೀಳುತ್ತದೆ, ಓಡುವಾಗ ಹಿಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ಸೈಕಲ್ ಬಲಕ್ಕೆ ಬಿದ್ದ ಮೇಲೆ ಗೇರು ಕೆಟ್ಟರೆ ಯಾವ ತಿರುಪೂ ಬೇಡ. ಡಿರೇಲರ್ ತೂಗುವ ಕೊಂಡಿ ಬಾಗಿರುತ್ತದೆ, ಮೆಕ್ಯಾನಿಕ್ ಅದನ್ನು ನೇರ ಮಾಡಬೇಕು.

ಚಕ್ರದ ನಡುವಿನ ಹಬ್ಬಿನ ಬೇರಿಂಗ್, ಕ್ರ್ಯಾಂಕಿನ ನಡುವಿನ ಬೇರಿಂಗ್, ಬೆಂಡಾದ ಚಕ್ರದ ಕಡ್ಡಿ, ಇವುಗಳಿಗೂ ಈಗಲೇ ಕೈ ಹಾಕಬೇಡಿ. ಮೆಕ್ಯಾನಿಕ್ ಹತ್ತಿರ ಬಿಟ್ಟು ಬರುವ ಬದಲು ಪಕ್ಕದಲ್ಲಿ ನಿಂತು ನೋಡಿ, ಕೇಳಿ. ಕೆಲಸ ಪ್ರೀತಿಸುವವರು ಹೇಳಿಕೊಡಲು ಹಿಂದೆ ಮುಂದೆ ನೋಡುವುದಿಲ್ಲ. ತೊಳೆಯುವಾಗ ಜೋರು ನೀರಿನ ಪೈಪನ್ನು ಬೇರಿಂಗ್ ಇರುವ ಕಡೆ ಹಿಡಿಯಬೇಡಿ, ಗ್ರೀಸೆಲ್ಲ ಕೊಚ್ಚಿಹೋಗುತ್ತದೆ. ಬಕೆಟ್ಟು, ಬ್ರಶ್ಶು ಸಾಕು. ಸೀಟು ಎತ್ತರ ಮಾಡುವಾಗ ಪೈಪಿನ ಮೇಲೆ ಕನಿಷ್ಠ ಇಷ್ಟು ಒಳಗಿರಬೇಕು ಅಂತ ಎಳೆದ ಗೆರೆ ಹೊರಗೆ ಕಾಣಬಾರದು. ವಿಡಿಯೊ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿರುವ ಭಾಗವೂ ನಿಮ್ಮದೂ ಒಂದೇನಾ ಅಂತ ಮೊದಲು ನೋಡಿ. ಬಿಚ್ಚುವ ಮುಂಚೆ ಫೋನಿನಲ್ಲಿ ಎರಡು ಕಡೆಯಿಂದ ಫೋಟೊ ತೆಗೆಯಿರಿ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಹಾಗೆ ಮಾಡಿದ್ದರೆ ಆ ಎರಡು ವಾಷರ್ ಉಳಿಯುತ್ತಿರಲಿಲ್ಲ, ಅಲ್ವಾ?

ಇನ್ನು ನಿಮ್ಮ ‘ಕಟ್’ ಶಬ್ದ. ನೀವು ಅದನ್ನು ಲೆಕ್ಕ ಹಾಕಿ ಬರೆದದ್ದು ತುಂಬಾ ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ತುಳಿಯುವುದನ್ನು ನಿಲ್ಲಿಸಿ ಹಾಗೇ ಉರುಳುವಾಗಲೂ ಶಬ್ದ ಬಂದರೆ ತಪ್ಪು ಚಕ್ರದ್ದು. ಪೆಡಲಿನ ಪ್ರತಿ ಸುತ್ತಿಗೂ ಒಂದು ಸಲ ಬಂದರೆ ಪೆಡಲ್, ಕ್ರ್ಯಾಂಕ್ ಅಥವಾ ಅವುಗಳ ಬೇರಿಂಗ್. ಸೀಟಿನಿಂದ ಎದ್ದು ತುಳಿದಾಗ ಮಾಯವಾದರೆ ಸೀಟು. ಎರಡು ಮೂರು ಸುತ್ತಿಗೊಮ್ಮೆ ಅಂದರೆ ಚೈನಿನ ಮೇಲೆ ಅನುಮಾನ. ನಿಮ್ಮ ಮುಂದಿನ ಹಲ್ಲುಚಕ್ರಕ್ಕೆ 42 ಹಲ್ಲು, ಚೈನಿಗೆ 110 ಕೊಂಡಿ ಇದೆ ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ 42 ಕೊಂಡಿ ಮುಂದೆ ಹೋಗುತ್ತದೆ. ಇಡೀ ಚೈನು ಒಂದು ಸುತ್ತು ಬರಲು ಪೆಡಲ್ ಎರಡೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಬೇಕು. ಅಂದರೆ ಎಲ್ಲೋ ಒಂದು ಕೊಂಡಿ ಬಿಗಿಯಾಗಿದೆ, ಅದು ಬಂದಾಗಲೆಲ್ಲ ‘ಕಟ್’ ಅನ್ನುತ್ತಿದೆ.

ಹುಡುಕುವುದು ಕಷ್ಟ ಇಲ್ಲ. ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ ಡಿರೇಲರಿನ ಎರಡು ಪುಟ್ಟ ಚಕ್ರಗಳನ್ನು ನೋಡುತ್ತಾ ಇರಿ. ಬಿಗಿ ಕೊಂಡಿ ಅಲ್ಲಿ ತಿರುಗುವಾಗ ಬಗ್ಗದೆ ಮೊಣಕೈ ಹಾಗೆ ಎದ್ದು ನಿಲ್ಲುತ್ತದೆ, ಡಿರೇಲರ್ ಒಮ್ಮೆ ಜಿಗಿಯುತ್ತದೆ. ಅದಕ್ಕೆ ಒಂದು ಹನಿ ಎಣ್ಣೆ ಬಿಡಿ. ಆ ಪಿನ್ನಿನ ಎರಡೂ ಪಕ್ಕ ಚೈನು ಹಿಡಿದು, ಹೆಬ್ಬೆರಳು ಆನಿಸಿ, ಅಡ್ಡಕ್ಕೆ ಒಮ್ಮೆ ಆಚೆ ಒಮ್ಮೆ ಈಚೆ ಮೆಲ್ಲಗೆ ಬಗ್ಗಿಸಿ. ಮಾಮೂಲಿಯಾಗಿ ಚೈನು ಮಡಚುವ ದಿಕ್ಕಿಗಲ್ಲ, ಅದಕ್ಕೆ ಅಡ್ಡ ದಿಕ್ಕಿಗೆ. ನಾಲ್ಕೈದು ಸಲ ಬಗ್ಗಿಸಿದರೆ ತಟ್ಟೆಗಳ ನಡುವೆ ಕೂದಲಷ್ಟು ಸಂದು ಬಿಡುತ್ತದೆ. ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿ. ಆ ಕೊಂಡಿ ಸದ್ದಿಲ್ಲದೆ ದಾಟಿದರೆ ಸರಿ. ಆಗಲೂ ಬಿಗಿಯಾಗಿಯೇ ಇದ್ದು, ಅಲ್ಲಿ ಪಿನ್ನು ಒಂದು ಕಡೆ ಹೊರಗೆ ಚಾಚಿರುವುದು ಕಂಡರೆ ಆ ಚೈನಿನಲ್ಲಿ ಜೋರಾಗಿ ತುಳಿಯಬೇಡಿ, ಹೊಸದನ್ನೇ ಹಾಕಿಸಿ.